ಕುಂಡಕ್ಕೆ ಹಾಕಿದ ಟಾನಿಕ್ ಗಿಡಕ್ಕೇ ಸಿಗಬೇಕಾದರೆ

ಪ್ರಶ್ನೆ: ನಮ್ಮಲ್ಲಿ ಸುಮಾರು 30 ಕುಂಡಗಳಿವೆ. ಹೂವಿನ ಗಿಡ, ತರಕಾರಿ, ಒಳಗೆ ಇಡುವ ಎಲೆಗಿಡ ಎಲ್ಲಾ ಇವೆ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ತಲಾ ನೂರಕ್ಕೆ 19 ಇರುವುದು) ಮತ್ತು ಕಡಲಕಳೆಯ ಟಾನಿಕ್ ತಂದಿದ್ದೇನೆ. ಬಕೆಟ್ ನೀರಿಗೆ ಕಲಸಿ ಮಗ್‌ನಲ್ಲಿ ಹಾಕುತ್ತೇನೆ. ಹಾಕಿದ ಒಂದು ನಿಮಿಷಕ್ಕೇ ಅರ್ಧಕ್ಕರ್ಧ ಕೆಳಗಿನ ತೂತಿನಿಂದ ಹರಿದು ಹೋಗುತ್ತದೆ. ಕೆಲವು ಸಲ ಬಕೆಟ್‌ನಲ್ಲೂ ಉಳಿದುಬಿಡುತ್ತದೆ. ಒಂದು ಕುಂಡಕ್ಕೆ ಎಷ್ಟು ಹಾಕಬೇಕು? ಬುಡಕ್ಕೆ ಹಾಕುವ ಬದಲು ಎಲೆಗೆ ಸಿಂಪಡಿಸಿದರೆ ಉಳಿತಾಯ ಆಗುತ್ತಾ? ಉಳಿದದ್ದನ್ನು ಏನು ಮಾಡಲಿ?

ಉತ್ತರ: ನಿಮ್ಮ ಗೊಬ್ಬರದಲ್ಲಿ ತಪ್ಪಿಲ್ಲ. ಅದನ್ನು ಹೊತ್ತು ತರುವ ನೀರಿನ ಲೆಕ್ಕ ತಪ್ಪಿದೆ. ಎಲ್ಲರೂ ಲೀಟರಿಗೆ ಎಷ್ಟು ಗ್ರಾಂ ಎಂದು ಕೇಳುತ್ತಾರೆ. ಒಂದು ಕುಂಡಕ್ಕೆ ಎಷ್ಟು ಲೀಟರ್ ಎಂದು ಕೇಳುವವರು ಕಡಿಮೆ. ನೀವು ಕೇಳಿದ್ದೀರಿ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು, ನೀರು ಯಾಕೆ ಅಷ್ಟು ಬೇಗ ಹರಿದು ಹೋಗುತ್ತದೆ? ಕುಂಡ ತುಂಬಿದ್ದರಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಒಂದೇ ನಿಮಿಷದಲ್ಲಿ ಹರಿದರೆ ಬಹಳ ಸಲ ಅದು ತುಂಬಿ ಹರಿದದ್ದಲ್ಲ, ಸಂದಿಯಲ್ಲಿ ಜಾರಿ ಹೋದದ್ದು. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಒಣ ಎಲೆಗೊಬ್ಬರ ಜಾಸ್ತಿ ಇರುವ ಮಿಶ್ರಣ ಪೂರ್ತಿ ಒಣಗಿದರೆ ಎರಡು ತೊಂದರೆ. ಒಂದು, ಅದು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಇನ್ನೊಂದು, ಒಣಗಿದ ಸಾವಯವ ಪದಾರ್ಥ ನೀರನ್ನು ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ಮೇಲಿಂದ ಸುರಿದ ನೀರು ಗೋಡೆಯ ಪಕ್ಕದ ಸಂದಿ ಹಿಡಿದು ನೇರ ಕೆಳಗಿಳಿಯುತ್ತದೆ. ಬೇರಿನ ಉಂಡೆ ಒಳಗೆ ಒಣಗಿಯೇ ಇರುತ್ತದೆ. ಗೊಬ್ಬರ ಹಾಕಿದ ಮರುದಿನ ಮಣ್ಣು ಸ್ವಲ್ಪ ಕೆದಕಿ ನೋಡಿ, ಗೊತ್ತಾಗುತ್ತದೆ.

ಇದಕ್ಕೆ ಕುಂಡ ಎತ್ತಿ ನೋಡುವುದೇ ಒಳ್ಳೆಯ ಪರೀಕ್ಷೆ. ಕೆಳಗೆ ನೀರು ಬಂದ ಮೇಲೂ ಕುಂಡ ಹಗುರವಾಗಿದ್ದರೆ ಮಣ್ಣು ನೆನೆದಿಲ್ಲ ಎಂದೇ ಅರ್ಥ. ಅಂಥ ಕುಂಡಕ್ಕೆ ಅವತ್ತು ಗೊಬ್ಬರ ಬೇಡ. ಒಂದು ಅಗಲವಾದ ಟಬ್‌ನಲ್ಲಿ ನಾಲ್ಕು ಬೆರಳು ಬರಿ ನೀರು ಹಾಕಿ, ಕುಂಡವನ್ನು ಅರ್ಧ ಗಂಟೆ ಅದರಲ್ಲಿ ಕೂರಿಸಿ. ಕೆಳಗಿಂದ ನೀರು ಹೀರಿಕೊಂಡು ಮೇಲ್ಮಣ್ಣಿನ ಬಣ್ಣ ಗಾಢವಾದಾಗ ತೆಗೆದು ಬಸಿಯಲು ಬಿಡಿ. ಗೊಬ್ಬರ ಮುಂದಿನ ಸಲಕ್ಕೆ. ಒಣಗಿದ ಬೇರಿಗೆ ಗೊಬ್ಬರದ ನೀರು ಬಿದ್ದರೆ ಪೋಲು ಮಾತ್ರ ಅಲ್ಲ, ಬೇರಿನ ತುದಿ ಸುಡಲೂಬಹುದು.

ಈಗ ಅಳತೆಗೆ ಬರೋಣ. ಎಲ್ಲಾ ಕುಂಡಕ್ಕೂ ಒಂದು ಮಗ್ ಎಂಬ ಲೆಕ್ಕ ಬಿಟ್ಟುಬಿಡಿ. ನಿಮ್ಮ ಕುಂಡಗಳನ್ನು ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಗುಂಪು ಮಾಡಿ, ಒಂದೊಂದು ಗುಂಪಿನಿಂದ ಒಂದು ಕುಂಡ ಆರಿಸಿ. ಎಂದಿನಂತೆ ನೀರು ಹಾಕುವ ದಿನ, ಮೇಲ್ಮಣ್ಣು ಒಂದು ಬೆರಳಿನಷ್ಟು ಒಣಗಿ ಒಳಗೆ ಇನ್ನೂ ತೇವ ಇರುವಾಗ, ಬರಿ ನೀರನ್ನು 100 ಮಿಲಿಯಂತೆ ಅಳೆದು ನಿಧಾನವಾಗಿ ಹಾಕಿ. ಒಂದು ಸಲ ಹಾಕಿ ಎರಡು ನಿಮಿಷ ಬಿಡಿ, ಮತ್ತೆ ಹಾಕಿ. ಕೆಳಗೆ ಮೊದಲ ಹನಿ ಬಿದ್ದಾಗ ಒಟ್ಟು ಎಷ್ಟಾಯಿತು ಎಂದು ಕುಂಡದ ಮೇಲೆಯೇ ಬರೆದಿಡಿ. ಅದು ಆ ಗುಂಪಿನ ಕುಂಡ ಒಂದು ಸಲಕ್ಕೆ ಹಿಡಿದಿಡುವ ನೀರು.

8 ಲೀಟರ್ ಮಣ್ಣು ಹಿಡಿಯುವ ಕುಂಡದಲ್ಲಿ ಮೊದಲ ಹನಿ 1 ಲೀಟರಿಗೆ ಬಿತ್ತು ಎಂದುಕೊಳ್ಳಿ. ಗೊಬ್ಬರದ ದಿನ ಆ ಕುಂಡಕ್ಕೆ ಮೊದಲು 250 ಮಿಲಿ ಬರಿ ನೀರು ಹಾಕಿ. ಉಳಿದ ಕುಂಡಗಳಿಗೂ ಇದೇ ರೀತಿ ಹಾಕುತ್ತಾ ಹೋಗಿ. ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಗೊಬ್ಬರಕ್ಕೆ ತಯಾರಾಗಿರುತ್ತದೆ. ಆಮೇಲೆ ಗೊಬ್ಬರ ಕಲಸಿದ ನೀರು 500 ಮಿಲಿ. ಎರಡೂ ಸೇರಿ 750 ಮಿಲಿ. ಇನ್ನೂ ಕಾಲು ಭಾಗ ಜಾಗ ಖಾಲಿ ಇದೆ, ಹಾಗಾಗಿ ಹನಿಯೂ ಕೆಳಗೆ ಇಳಿಯುವುದಿಲ್ಲ. ಮೊದಲಿನ ಬರಿ ನೀರು ಮಣ್ಣನ್ನು ಮೆತ್ತಗೆ ಮಾಡಿ ದಾರಿ ತೆರೆಯುತ್ತದೆ, ಹಿಂದೆ ಬಂದ ಗೊಬ್ಬರದ ನೀರು ಎಲ್ಲಾ ಕಡೆ ಹರಡಿಕೊಳ್ಳುತ್ತದೆ. ಇಡೀ ಉತ್ತರದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸುರಿಯುವ ರೀತಿಯೂ ಮುಖ್ಯ. ಮಗ್‌ನಿಂದ ಧೊಪ್ಪನೆ ಸುರಿದರೆ ಮಣ್ಣಿನಲ್ಲಿ ಗುಳಿ ಬಿದ್ದು ನೀರೆಲ್ಲ ಅಲ್ಲೇ ಇಳಿಯುತ್ತದೆ. ಕಾಂಡದ ಬುಡಕ್ಕೆ ಹಾಕಬೇಡಿ. ನೀರು ಹೀರುವ ಎಳೆ ಬೇರು ಕುಂಡದಲ್ಲಿ ಹೆಚ್ಚಾಗಿ ಕಾಂಡದಿಂದ ದೂರ, ಅಂಚಿನ ಕಡೆಗೆ ಇರುತ್ತದೆ. ಹಾಗಂತ ಗೋಡೆಗೆ ತಾಗಿಸಿಯೂ ಹಾಕಬೇಡಿ, ಅಲ್ಲಿ ಸಂದಿ ಇದೆ. ನಡುವಿನ ಜಾಗದಲ್ಲಿ ಸುತ್ತಲೂ ಸಣ್ಣ ಧಾರೆಯಾಗಿ ಬಿಡಿ. ಉದ್ದ ಮೂತಿಯ ನೀರಿನ ಕ್ಯಾನ್ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ನಾಲ್ಕೈದು ತೂತು ಮಾಡಿ, ಒತ್ತಿದರೆ ಸಾಕು. ಮಣ್ಣಿನ ಮೇಲೆ ಒಣ ಎಲೆ, ತೆಂಗಿನ ನಾರು ಹೊದಿಸಿದ್ದರೆ ಅದನ್ನು ಸರಿಸಿ, ಗೊಬ್ಬರ ಹಾಕಿ, ಮತ್ತೆ ಮುಚ್ಚಿ. ಇಲ್ಲದಿದ್ದರೆ ಆ ಹೊದಿಕೆಯೇ ಒಂದಿಷ್ಟು ಕುಡಿದುಬಿಡುತ್ತದೆ.

ಹನಿಯೂ ಇಳಿಯಬಾರದು ಎಂದು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಗೊತ್ತಾ? 19:19:19ನಲ್ಲಿರುವ ಸಾರಜನಕದ ದೊಡ್ಡ ಪಾಲು ಸಾಮಾನ್ಯವಾಗಿ ಯೂರಿಯಾ ರೂಪದಲ್ಲಿ, ಉಳಿದದ್ದು ಅಮೋನಿಯಂ ಮತ್ತು ನೈಟ್ರೇಟ್ ರೂಪದಲ್ಲಿ ಇರುತ್ತದೆ. ಮಣ್ಣಿನ, ಕೋಕೋಪೀಟಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಧನ ಅಂಶದ ಅಮೋನಿಯಂ, ಪೊಟ್ಯಾಶ್ ಅದಕ್ಕೆ ಅಂಟಿ ಸ್ವಲ್ಪ ನಿಲ್ಲುತ್ತವೆ. ನೈಟ್ರೇಟಿನದ್ದೂ ಋಣ ಅಂಶವೇ, ಅದು ನಿಲ್ಲುವುದಿಲ್ಲ. ಯೂರಿಯಾಕ್ಕೆ ಯಾವ ವಿದ್ಯುದಂಶವೂ ಇಲ್ಲ, ಸೂಕ್ಷ್ಮಜೀವಿಗಳು ಕೆಲವು ದಿನಗಳಲ್ಲಿ ಅದನ್ನು ಅಮೋನಿಯಂ ಆಗಿ ಬದಲಿಸುವ ತನಕ ಅದು ನೀರಿನ ಜೊತೆಯೇ ಓಡಾಡುತ್ತದೆ. ಹೊಲದ ಮಣ್ಣಿನಲ್ಲಿ ಗಟ್ಟಿಯಾಗಿ ಕೂರುವ ರಂಜಕ ಕೂಡ ಕುಂಡದಲ್ಲಿ ಅಷ್ಟು ನಿಲ್ಲುವುದಿಲ್ಲ. ಕೋಕೋಪೀಟ್ ಮಿಶ್ರಣದಲ್ಲಿ ಅದನ್ನು ಹಿಡಿಯುವ ಕಬ್ಬಿಣ, ಅಲ್ಯೂಮಿನಿಯಂ ಕಡಿಮೆ. ಹಾಗಾಗಿ ಇವತ್ತು ತಟ್ಟೆಗೆ ಇಳಿದ ನೀರು ನೀವು ಬಕೆಟ್‌ನಲ್ಲಿ ಕಲಸಿದ ಗೊಬ್ಬರದ ಒಳ್ಳೆಯ ಭಾಗವನ್ನೇ ಹೊತ್ತಿರುತ್ತದೆ. ಗೊಬ್ಬರ ಹಾಕಿದ ಮಾರನೇ ದಿನ ಧಾರಾಳ ನೀರು ಹಾಕಿದರೂ ಅದೇ ಕಥೆ. ಎರಡು ಮೂರು ದಿನ ನೀರಿನ ಕೈ ಬಿಗಿ ಇರಲಿ. ಮೋಡ ಕಟ್ಟಿದ ದಿನ ಬಯಲಿನ ಕುಂಡಕ್ಕೆ ಹಾಕಲೇಬೇಡಿ.

ಅಕಸ್ಮಾತ್ ತಟ್ಟೆಗೆ ಇಳಿದರೆ ಚೆಲ್ಲಬೇಡಿ. ಅರ್ಧ ಗಂಟೆ ಬಿಡಿ, ಕುಂಡವೇ ಒಂದಿಷ್ಟು ವಾಪಸ್ ಹೀರಿಕೊಳ್ಳುತ್ತದೆ. ಆಮೇಲೂ ಉಳಿದರೆ ತೆಗೆದು ಅದೇ ಕುಂಡಕ್ಕೆ ಮೇಲಿಂದ ಹಾಕಿ. ಪಕ್ಕದ ಕುಂಡಕ್ಕೆ ಹಾಕಬಹುದು, ಆದರೆ ಮೊದಲನೆಯದರಲ್ಲಿ ಬೇರುಕೊಳೆ ಇದ್ದರೆ ನೀರಿನ ಜೊತೆ ರೋಗವೂ ಹೋಗುತ್ತದೆ. ತಟ್ಟೆಯಲ್ಲಿ ರಾತ್ರಿಯಿಡೀ ನೀರು ನಿಲ್ಲಬಾರದು.

ಇನ್ನು ಸಾಂದ್ರತೆ. 1 ಲೀಟರ್ ನೀರಿಗೆ 1 ಗ್ರಾಂ 19:19:19 ಹಾಕಿದರೆ ಅದರಲ್ಲಿ 190 ಪಿಪಿಎಂ, ಅಂದರೆ ಲೀಟರಿಗೆ 190 ಮಿಲಿಗ್ರಾಂ, ಸಾರಜನಕ ಇರುತ್ತದೆ. ಲೆಕ್ಕ ಸುಲಭ: 1000 ಮಿಲಿಗ್ರಾಂನಲ್ಲಿ ನೂರಕ್ಕೆ 19. ಚುರುಕಾಗಿ ಬೆಳೆಯುವ ತರಕಾರಿ, ಹೂವಿನ ಗಿಡಕ್ಕೆ 100ರಿಂದ 200 ಪಿಪಿಎಂ ಸಾಕು. ಒಳಗಿಟ್ಟ ಎಲೆಗಿಡಕ್ಕೆ ಅದರ ಅರ್ಧವೂ ನಡೆಯುತ್ತದೆ. ಪ್ಯಾಕೆಟ್ ಮೇಲೆ ಲೀಟರಿಗೆ 3 ಗ್ರಾಂ, 5 ಗ್ರಾಂ ಎಂದು ಬರೆದಿದ್ದರೆ ಗಮನಿಸಿ, ಹಲವು ಸಲ ಅದು ಹೊಲದ ಬೆಳೆಗೆ, ಎಲೆಗೆ ಸಿಂಪಡಿಸಲು ಹೇಳಿದ ಅಳತೆ. ಅದನ್ನೇ ಕುಂಡದ ಬುಡಕ್ಕೆ ಸುರಿದರೆ ಗಿಡಕ್ಕೆ ಅರಗುವುದಿಲ್ಲ, ಉಳಿದದ್ದು ಉಪ್ಪಾಗಿ ಕೂರುತ್ತದೆ. ತರಕಾರಿ, ಹೂವಿಗೆ ಲೀಟರಿಗೆ 1 ಗ್ರಾಂ, ಹತ್ತು ದಿನಕ್ಕೊಮ್ಮೆ. ಎಲೆಗಿಡಕ್ಕೆ ಅರ್ಧ ಗ್ರಾಂ, ಮೂರು ವಾರಕ್ಕೊಮ್ಮೆ. ಇಲ್ಲಿಂದ ಶುರು ಮಾಡಿ ಗಿಡ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ತೆಳುವಾಗಿ ಆಗಾಗ ಕೊಡುವುದು, ಗಟ್ಟಿಯಾಗಿ ಅಪರೂಪಕ್ಕೆ ಕೊಡುವುದಕ್ಕಿಂತ ಯಾವಾಗಲೂ ಮೇಲು.

ಅರ್ಧ ಗ್ರಾಂ ಅಳೆಯುವುದು ಹೇಗೆ ಅಂತ ಕೇಳುತ್ತೀರಿ. ಅಳೆಯಲೇಬೇಡಿ. 50 ಗ್ರಾಂ ಗೊಬ್ಬರವನ್ನು ತೂಕ ಮಾಡಿ, ಸ್ವಲ್ಪ ನೀರಿನಲ್ಲಿ ಕರಗಿಸಿ, ಒಟ್ಟು 500 ಮಿಲಿ ಆಗುವಂತೆ ನೀರು ಸೇರಿಸಿ ಬಾಟಲಿಯಲ್ಲಿಡಿ. ಈ ಗಟ್ಟಿ ದ್ರಾವಣದ 10 ಮಿಲಿಯಲ್ಲಿ ಸರಿಯಾಗಿ 1 ಗ್ರಾಂ ಗೊಬ್ಬರ ಇರುತ್ತದೆ. ಸೂಜಿ ಇಲ್ಲದ ಸಿರಿಂಜ್‌ನಿಂದ 5 ಮಿಲಿ ಎಳೆದರೆ ಅರ್ಧ ಗ್ರಾಂ. ಎರಡೇ ಕುಂಡಕ್ಕೆ ಬೇಕಿದ್ದರೂ ಅಷ್ಟೇ ಕಲಸಬಹುದು, ಬಕೆಟ್ ತುಂಬಾ ಮಾಡುವ ಅಗತ್ಯವೇ ಇಲ್ಲ. ಬಿಸಿಲು ಬೀಳದ ಕಡೆ ಇಟ್ಟರೆ ಕೆಲವು ವಾರ ಬಳಸಬಹುದು. ಕರಗಿಸುವಾಗ ಪಾತ್ರೆ ತಣ್ಣಗಾದರೆ ಗಾಬರಿ ಬೇಡ. ಯೂರಿಯಾ, ಪೊಟ್ಯಾಸಿಯಂ ನೈಟ್ರೇಟ್ ಕರಗುವಾಗ ಶಾಖ ಹೀರಿಕೊಳ್ಳುತ್ತವೆ. ಕುಡಿಯುವ ನೀರಿನ, ತಂಪು ಪಾನೀಯದ ಬಾಟಲಿಯಲ್ಲಿ ಮಾತ್ರ ಇದನ್ನು ತುಂಬಿಡಬೇಡಿ. ಬೇರೆ ಬಾಟಲಿ, ಮೇಲೆ ದೊಡ್ಡದಾಗಿ ಹೆಸರು, ಮಕ್ಕಳ ಕೈಗೆ ಸಿಗದ ಜಾಗ.

ಕಡಲಕಳೆಯ ಟಾನಿಕ್ ವಿಷಯ ಬೇರೆ. ಅದನ್ನು ಗೊಬ್ಬರ ಅಂದುಕೊಂಡವರೇ ಜಾಸ್ತಿ ಪೋಲು ಮಾಡುತ್ತಾರೆ. ಅದರಲ್ಲಿ ಸಾರಜನಕ, ರಂಜಕ ತೀರಾ ಕಡಿಮೆ. ಸ್ವಲ್ಪ ಪೊಟ್ಯಾಶ್, ಲಘು ಪೋಷಕಾಂಶ, ಬೆಳವಣಿಗೆಗೆ ನೆರವಾಗುವ ಕೆಲವು ಸಸ್ಯ ಪದಾರ್ಥಗಳು ಇರುತ್ತವೆ. ಸಸಿ ಕಿತ್ತು ನೆಟ್ಟಾಗ, ಕುಂಡ ಬದಲಿಸಿದಾಗ, ಬಿಸಿಲಿಗೆ ಬಾಡಿ ಚೇತರಿಸಿಕೊಳ್ಳುವಾಗ ಅದು ಸಹಾಯ ಮಾಡಬಹುದು. ಹಸಿದ ಗಿಡಕ್ಕೆ ಊಟದ ಬದಲು ಅದನ್ನೇ ಕೊಟ್ಟರೆ ಹೊಟ್ಟೆ ತುಂಬುವುದಿಲ್ಲ. ತಿಂಗಳಿಗೆ ಒಂದು ಸಲ, ಬಾಟಲಿ ಮೇಲೆ ಹೇಳಿದ ಅಳತೆಯ ಕೆಳಗಿನ ತುದಿಯಲ್ಲಿ ಸಾಕು. ಡಬಲ್ ಹಾಕಿದರೆ ಡಬಲ್ ಫಲ ಬರುವ ವಸ್ತು ಅದಲ್ಲ. ಬಳಸುವ ಮೊದಲು ಬಾಟಲಿ ಚೆನ್ನಾಗಿ ಕುಲುಕಿ, ಗಟ್ಟಿ ಅಂಶ ತಳದಲ್ಲಿ ಕೂತಿರುತ್ತದೆ. ಅಳತೆಯ ಮುಚ್ಚಳಕ್ಕೆ ಅಂಟಿದ್ದನ್ನು ಅದೇ ಬಕೆಟ್ ನೀರಿನಲ್ಲಿ ತೊಳೆಯಿರಿ. ಸಣ್ಣ ವಿಷಯ, ಆದರೆ 2 ಮಿಲಿ ಅಳೆಯುವಾಗ ಮುಚ್ಚಳಕ್ಕೆ ಅಂಟಿದ್ದೂ ಲೆಕ್ಕಕ್ಕೆ ಬರುತ್ತದೆ.

ಎರಡನ್ನೂ ಒಟ್ಟಿಗೆ ಕಲಸಬಹುದಾ? ಸಾಮಾನ್ಯವಾಗಿ ಹೌದು, ಆದರೆ ಮೊದಲು ಗಾಜಿನ ಲೋಟದಲ್ಲಿ ಸ್ವಲ್ಪ ಕಲಸಿ ಹತ್ತು ನಿಮಿಷ ನೋಡಿ. ಮೊಸರಿನಂತೆ ಒಡೆದರೆ ಅಥವಾ ತಳದಲ್ಲಿ ಬಿಳಿ ಪುಡಿ ಕೂತರೆ ಬೇಡ. ಕ್ಯಾಲ್ಸಿಯಂ ನೈಟ್ರೇಟ್ ಮುಂದೆ ಯಾವತ್ತಾದರೂ ತಂದರೆ ಅದನ್ನು 19:19:19 ಜೊತೆಗಾಗಲಿ, ಮೆಗ್ನೀಸಿಯಂ ಸಲ್ಫೇಟ್ ಜೊತೆಗಾಗಲಿ ಒಂದೇ ಪಾತ್ರೆಯಲ್ಲಿ ಕಲಸಬೇಡಿ. ಮೊದಲನೆಯದರಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್, ಎರಡನೆಯದರಲ್ಲಿ ಜಿಪ್ಸಂ ಆಗಿ ತಳ ಸೇರುತ್ತದೆ. ನೀವು ಕೊಂಡ ರಂಜಕ, ಕ್ಯಾಲ್ಸಿಯಂ ಬೇರಿಗೆ ಸಿಗದ ಕಲ್ಲುಪುಡಿಯಾಗಿರುತ್ತದೆ. ಬೇರೆ ಬೇರೆ ವಾರ ಕೊಡಿ. ನಿಮ್ಮ ನೀರು ತೀರಾ ಗಡಸಾಗಿದ್ದರೆ, ಪಾತ್ರೆಯಲ್ಲಿ ಬಿಳಿ ಕಟ್ಟುವ ಹಾಗಿದ್ದರೆ, ಇದೇ ತೊಂದರೆ ಬರಿ ನೀರಿನಿಂದಲೇ ಆಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಗೊಬ್ಬರ ಕಲಸಲು ಅದನ್ನೇ ಬಳಸಿ.

ಮನೆಯಲ್ಲೇ ಮಾಡುವ ಎರೆಜಲ (ಎರೆಹುಳುವಿನ ತೊಟ್ಟಿಯಿಂದ ಇಳಿಸಿದ ನೀರು), ಹುದುಗಿಸಿದ ಹಿಂಡಿ ನೀರು, ಕಾಂಪೋಸ್ಟ್ ತಿಳಿ ಇವುಗಳಿಗೂ ನೀರಿನ ಲೆಕ್ಕ ಇದೇ. ಬಟ್ಟೆಯಲ್ಲಿ ಸೋಸಿ, ಹತ್ತು ಪಾಲು ನೀರು ಬೆರೆಸಿ, ಅವತ್ತೇ ಮುಗಿಸಿ. ಸೋಸದೆ ಹಾಕಿದರೆ ಮೇಲ್ಮಣ್ಣಿನಲ್ಲಿ ಪದರ ಕಟ್ಟಿ ಮುಂದಿನ ನೀರು ಇಳಿಯುವುದಿಲ್ಲ, ಸಣ್ಣ ಕಪ್ಪು ನೊಣಗಳೂ ಸೇರುತ್ತವೆ. ಹಣ್ಣಿನ ಸಿಪ್ಪೆ ನೆನೆಸಿದ ನೀರಿನ ಬಗ್ಗೆ ನನಗೆ ಹೆಚ್ಚು ನಂಬಿಕೆ ಇಲ್ಲ. ಸ್ವಲ್ಪ ಪೊಟ್ಯಾಶ್ ಬರುತ್ತದೆ, ಅಷ್ಟೇ. ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕುವುದೇ ವಾಸಿ.

ಎಲೆಗೆ ಸಿಂಪಡಿಸುವ ಪ್ರಶ್ನೆ. ನೀರಿನ ಲೆಕ್ಕದಲ್ಲಿ ನೋಡಿದರೆ ಉಳಿತಾಯವೇ, ಸಣ್ಣ ಸ್ಪ್ರೇಯರ್ ಇದ್ದರೆ ಒಂದೆರಡು ಲೀಟರ್‌ನಲ್ಲಿ ನಿಮ್ಮ ಕುಂಡಗಳೆಲ್ಲ ಮುಗಿಯಬಹುದು. ಆದರೆ ಎಲೆ ಬೇರಿನ ಕೆಲಸ ಪೂರ್ತಿ ಮಾಡಲಾರದು. ಗಿಡಕ್ಕೆ ಬೇಕಾದ ಸಾರಜನಕ, ಪೊಟ್ಯಾಶ್ ಎಲ್ಲಾ ಎಲೆಯಿಂದಲೇ ಕೊಡಲು ಹೊರಟರೆ ಅಷ್ಟು ಗಟ್ಟಿ ದ್ರಾವಣಕ್ಕೆ ಎಲೆ ಸುಟ್ಟುಹೋಗುತ್ತದೆ. ಎಲೆಯ ದಾರಿ ಇರುವುದು ಸ್ವಲ್ಪವೇ ಬೇಕಾದ ವಸ್ತುಗಳಿಗೆ: ಕಬ್ಬಿಣ, ಸತು, ಮ್ಯಾಂಗನೀಸ್, ಕೊರತೆ ಕಂಡಾಗ ಮೆಗ್ನೀಸಿಯಂ. ಕಡಲಕಳೆಯ ಟಾನಿಕ್ ಕೂಡ ಎಲೆಗೆ ಒಗ್ಗುತ್ತದೆ. ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು, ಚಿಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಸಿಂಪಡಿಸಬಹುದು. ಇದೇ ಲಕ್ಷಣ ಹಳೇ ಎಲೆಯಲ್ಲಿ ಕಂಡರೆ ಹೆಚ್ಚಾಗಿ ಮೆಗ್ನೀಸಿಯಂ. ಮೆಗ್ನೀಸಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ ದಾಟಬೇಡಿ. ಆದರೆ ಮಣ್ಣು ಸದಾ ಒದ್ದೆಯಾಗಿದ್ದು ಬೇರಿಗೆ ಉಸಿರು ಸಿಗದಿದ್ದರೂ ಚಿಗುರು ಹೀಗೇ ಹಳದಿ ಆಗುತ್ತದೆ. ಆಗ ಎಷ್ಟು ಸಿಂಪಡಿಸಿದರೂ ಸುಮ್ನೆ.

ಸಿಂಪಡಿಸಿದ ದ್ರಾವಣ ಎಲೆಯ ಮೇಲೆ ಒಣಗಿದ ಮೇಲೆ ಒಳಗೆ ಹೋಗುವುದು ಹೆಚ್ಚು ಕಡಿಮೆ ನಿಂತಂತೆಯೇ. ಹಾಗಾಗಿ ಒದ್ದೆ ಹೆಚ್ಚು ಹೊತ್ತು ನಿಲ್ಲುವ ಹೊತ್ತು ನೋಡಿ. ಬೆಳಗ್ಗೆ ಬಿಸಿಲೇರುವ ಮೊದಲು ಒಳ್ಳೇದು. ಸಂಜೆಯೂ ಆದೀತು, ಆದರೆ ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಶಿಲೀಂಧ್ರಕ್ಕೆ ಹಬ್ಬ. ಮಂಜಿನಂತೆ ಸಣ್ಣ ಹನಿ ಬರುವ ಹಾಗೆ ಮೂತಿ ತಿರುಗಿಸಿ, ಎಲೆಯ ಅಡಿಗೂ ತಾಗಿಸಿ. ಅಲ್ಲಿ ಮೇಣದ ಪದರ ತೆಳು, ಸೂಕ್ಷ್ಮ ರಂಧ್ರಗಳೂ ಜಾಸ್ತಿ. ಹನಿಗಳು ಒಂದಕ್ಕೊಂದು ಕೂಡಿ ಉರುಳಲು ಶುರುವಾಗುವ ಮುಂಚೆಯೇ ನಿಲ್ಲಿಸಿ. ನುಣುಪು ಎಲೆಯ ಮೇಲೆ ನೀರು ಮುತ್ತಾಗಿ ಜಾರಿದರೆ ಲೀಟರಿಗೆ ಎರಡು ಮೂರು ಹನಿ ಸೌಮ್ಯ ದ್ರವ ಸೋಪು ಸಾಕು. ರೋಮ ಇರುವ ಎಲೆ, ಮೇಣ ಬಳಿದಂತಿರುವ ರಸಭರಿತ ಗಿಡ, ಅರಳಿದ ಹೂವು ಇವುಗಳ ಮೇಲೆ ಬೇಡ, ಕಲೆ ಉಳಿಯುತ್ತದೆ.

ಈಗ ನಾನು ಹೇಳಿದ್ದಕ್ಕೆ ವಿರುದ್ಧ ಅನಿಸುವ ಒಂದು ಮಾತು. ಯಾವತ್ತೂ ಕೆಳಗೆ ನೀರು ಇಳಿಯದಿದ್ದರೆ ಗಿಡ ಬಳಸದ ಲವಣ ಕುಂಡದಲ್ಲೇ ಸೇರುತ್ತಾ ಹೋಗುತ್ತದೆ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪೊರೆ, ಎಲೆಯ ತುದಿ ಕಂದಾಗಿ ಒಣಗುವುದು ಇದರ ಗುರುತು. ಅದಕ್ಕಾಗಿ ಆರರಿಂದ ಎಂಟು ವಾರಕ್ಕೊಮ್ಮೆ ಬರಿ ನೀರನ್ನು ಧಾರಾಳವಾಗಿ ಹಾಕಿ, ಹಾಕಿದ್ದರಲ್ಲಿ ಐದನೇ ಒಂದು ಭಾಗ ಕೆಳಗೆ ಹರಿಯಲಿ. ಪೊರೆ ಆಗಲೇ ಕಟ್ಟಿದ್ದರೆ ಮೇಲಿನ ಪದರ ಕೆರೆದು ತೆಗೆದು, ಕುಂಡದ ಗಾತ್ರದಷ್ಟೇ ನೀರು ಹಂತ ಹಂತವಾಗಿ ಹಾಯಿಸಿ. ಇದನ್ನು ಮುಂದಿನ ಗೊಬ್ಬರಕ್ಕೆ ಒಂದೆರಡು ದಿನ ಮೊದಲು ಮಾಡಿ. ಹಿಂದಿನ ಗೊಬ್ಬರವನ್ನು ಆ ಹೊತ್ತಿಗೆ ಗಿಡ ಬಹುಪಾಲು ತಿಂದಿರುತ್ತದೆ, ಕೊಚ್ಚಿ ಹೋಗುವುದು ಹೆಚ್ಚಾಗಿ ಮಿಕ್ಕಿದ ಉಪ್ಪು. ಜೋರು ಮಳೆಗೆ ಸಿಕ್ಕ ಕುಂಡಕ್ಕೆ ಈ ಕೆಲಸ ಮಳೆಯೇ ಮಾಡಿರುತ್ತದೆ, ಅದಕ್ಕೆ ಮಳೆ ನಿಂತ ಮೇಲೆ ಗೊಬ್ಬರ ಕೊಡಬೇಕಾಗುತ್ತದೆ.

ಯಾವ ಗಿಡಕ್ಕೆ ಗೊಬ್ಬರ ಕೊಡಬಾರದು ಎಂದು ಗೊತ್ತಿದ್ದರೂ ಬಹಳ ಉಳಿಯುತ್ತದೆ. ಚಿಗುರು ನಿಂತ, ವಿಶ್ರಾಂತಿಯಲ್ಲಿರುವ ಗಿಡಕ್ಕೆ ಬೇಡ. ಎರೆಗೊಬ್ಬರ ಹಾಕಿ ಕುಂಡ ಬದಲಿಸಿ ಒಂದು ತಿಂಗಳು ಆಗದ ಗಿಡಕ್ಕೂ ಬೇಡ. ಬೇರು ಕೊಳೆತು ಬಾಡಿದ್ದಕ್ಕೆ ಅಂತೂ ಖಂಡಿತ ಬೇಡ. ಬೆಳಕು ಕಡಿಮೆ ಇರುವ ಮೂಲೆಯ ಗಿಡ ನಿಧಾನವಾಗಿ ಬೆಳೆಯುತ್ತದೆ, ಅದಕ್ಕೆ ಹಸಿವೂ ಕಡಿಮೆ. ನಿಮ್ಮ 30 ಕುಂಡಗಳಲ್ಲಿ ಒಂದು ವಾರಕ್ಕೆ ನಿಜವಾಗಿ ಗೊಬ್ಬರ ಬೇಕಾದವು ಅರ್ಧಕ್ಕಿಂತ ಕಡಿಮೆ ಇದ್ದರೂ ಆಶ್ಚರ್ಯ ಇಲ್ಲ.

ಕೊನೆಗೆ ಬಕೆಟ್‌ನಲ್ಲಿ ಉಳಿದದ್ದು. ಯಾವ ಕುಂಡಕ್ಕೆ ಎಷ್ಟು ಎಂದು ಬರೆದಿಟ್ಟರೆ ಒಟ್ಟು ಎಷ್ಟು ಲೀಟರ್ ಬೇಕೆಂದು ಮೊದಲೇ ಸಿಗುತ್ತದೆ, ಅದಕ್ಕಿಂತ ಒಂದು ಲೋಟ ಕಡಿಮೆಯೇ ಕಲಸಿ. ಆದರೂ ಉಳಿದರೆ, ಬರಿ 19:19:19 ಕಲಸಿದ ನೀರನ್ನು ಮುಚ್ಚಿ ನೆರಳಿನಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಿ. ಟಾನಿಕ್ ಅಥವಾ ಎರೆಜಲ ಬೆರೆತಿದ್ದರೆ ಇಡಬೇಡಿ, ವಾಸನೆ ಬರುತ್ತದೆ. ಅದನ್ನು ಇದ್ದುದರಲ್ಲಿ ದೊಡ್ಡ ಕುಂಡಕ್ಕೆ ಹಂಚಿ, ಇಲ್ಲವೇ ಒಣ ಎಲೆ ತುಂಬಿದ ಕಾಂಪೋಸ್ಟ್ ಡಬ್ಬಕ್ಕೆ ಸುರಿಯಿರಿ. ಒಣ ಎಲೆ ಕೊಳೆಯಲು ಸಾರಜನಕ ಸಾಲದೆ ನಿಧಾನವಾಗಿರುತ್ತದೆ, ಈ ನೀರು ಬಿದ್ದರೆ ಬೇಗ ಕೊಳೆಯುತ್ತದೆ.